ಹೆಗಲ ಮೇಲೆ ಬಂದ ಕಂಬಳಿ

ಮಧ್ಯಾಹ್ನ ಉಂಡು ಒರಗಿದರೆ ಸಾಕು, ಈಗಲೂ ನನಗೆ ಕುರಿ ನಡೆಯುವ ಸದ್ದು ಕೇಳುತ್ತದೆ. ಒಂದೆರಡು ಕುರಿಯದಲ್ಲ, ಇಡೀ ಹಿಂಡಿನದು. ಒಣನೆಲದ ಮೇಲೆ ಸಣ್ಣ ಸಣ್ಣ ಗೊರಸು ಬೀಳುವ ಸದ್ದು, ನಡುವೆ ಎಲ್ಲೋ ಒಂದು ಗಂಟೆ, ಹಿಂದಿನಿಂದ ಯಾರೋ ನಾಲಿಗೆ ಹೊರಳಿಸಿ ಕುರಿ ಕರೆಯುವುದು. ರಾಯಚೂರಿನ ಈ ಓಣಿಯಲ್ಲಿ ಕುರಿ ಹಾದು ಬಹಳ ವರ್ಷವಾಯಿತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಮಾತ್ರ ಅವು ತಪ್ಪದೆ ಬರುತ್ತವೆ, ಹಾದು ಹೋಗುತ್ತವೆ. ನಾನು ಅವುಗಳ ಹಿಂದೆ ಸ್ವಲ್ಪ ದೂರ ಹೋಗಿ ಬರುತ್ತೇನೆ.

ಮೊನ್ನೆ ಪಶು ಆಸ್ಪತ್ರೆಗೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದಿದ್ದರು. “ನಿಜಾಮರ ಕಾಲದಾಗ ನಮ್ಮ ಕೆಲಸ ಹೆಂಗಿತ್ರಿ ಅಜ್ಜಾರ?” ಎಂದು ಕೇಳಿದರು. ಒಂದು ಬಟ್ಟಲು ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಜವಾನನಾಗಿ ಸೇರಿದ ಈ ತಾಯಪ್ಪ ಮುಂದೆ ಏನೇನಾದ ಎಂಬುದು ಸರ್ವಿಸ್ ಪುಸ್ತಕದಲ್ಲಿದೆ. ಇಲಿ ಬಿಟ್ಟಿದ್ದರೆ ಅಲ್ಲೇ ಓದಿಕೊಳ್ಳಿ. ನನಗೆ ಹೇಳಬೇಕಾಗಿರುವುದು ಒಂದು ತಪ್ಪಿನ ಕಥೆ. ಅದಕ್ಕೆ ಬರುವ ಮೊದಲು ಸ್ವಲ್ಪ ಸುತ್ತುತ್ತೇನೆ. ಕುರಿಗಾರರ ಜೊತೆ ತಿರುಗಿದವನಿಗೆ ನೆಟ್ಟಗೆ ನಡೆಯುವ ಅಭ್ಯಾಸ ಇರುವುದಿಲ್ಲ.

ನಮ್ಮೂರು ಯಾಪಲದಿನ್ನಿ. ಸತ್ತ ದನ ಎಳೆದು ಚರ್ಮ ಸುಲಿಯುವುದು ನಮ್ಮ ಮನೆತನಕ್ಕೆ ಊರು ಹೊರಿಸಿದ ಕೆಲಸ. ಒಂದು ವರ್ಷ ನೆರಡಿ ರೋಗದಲ್ಲಿ ಸತ್ತ ಎತ್ತನ್ನು ಸುಲಿದು ನಮ್ಮಪ್ಪನ ಮುಂಗೈ ಮೇಲೆ ಕಪ್ಪು ಹುಣ್ಣೆದ್ದಿತು. ಊರಿನ ದನ ನೋಡಲು ರಾಯಚೂರಿನ ದನದ ದವಾಖಾನೆಯಿಂದ ಹಮೀದ್ ಸಾಹೇಬರು ಬಂದಿದ್ದರು. ದನಗಳನ್ನು ಬಿಟ್ಟು ಮೊದಲು ನಮ್ಮಪ್ಪನ ಕೈ ನೋಡಿದರು. “ಇದು ದನದ ಬೀಮಾರಿ. ಮನುಷ್ಯಾಗೂ ಬರ್ತದ. ಏಳು, ನಡಿ” ಎಂದು ತಮ್ಮ ಟಾಂಗಾದಲ್ಲೇ ಕೂರಿಸಿಕೊಂಡು ಮಂದಿಯ ಆಸ್ಪತ್ರೆಗೆ ಒಯ್ದರು. ಟಾಂಗಾದವನು ಮುಖ ತಿರುವಿದ. ಸಾಹೇಬರು ಅವನ ಮುಖ ನೋಡಲಿಲ್ಲ. ಅಪ್ಪ ಬದುಕಿದ. ತಿಂಗಳಾದ ಮೇಲೆ ಸಾಹೇಬರು ನನ್ನನ್ನು ಕರೆಸಿ ಜವಾನನ ಕೆಲಸಕ್ಕೆ ಹಚ್ಚಿದರು. ದವಾಖಾನೆಯಲ್ಲಿ ಸತ್ತ ದನ ಮುಟ್ಟುವವರು ಯಾರೂ ಇರಲಿಲ್ಲ, ನನಗೆ ಅದು ಹುಟ್ಟಿನಿಂದಲೇ ಬಂದಿತ್ತು. ಹೀಗೆ ಊರು ಯಾವುದಕ್ಕೆ ನಮ್ಮನ್ನು ದೂರ ಇಟ್ಟಿತ್ತೋ ಅದೇ ನನಗೆ ಅನ್ನ ಕೊಟ್ಟಿತು.

ಸಾಹೇಬರು ತೆಳ್ಳಗೆ, ಉದ್ದಕ್ಕೆ ಇದ್ದರು. ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಒಮ್ಮೆ ನಾನು ರಾಯಚೂರಿನಿಂದ ಮಾನ್ವಿಗೆ ಬರ್ಫಿನಲ್ಲಿಟ್ಟ ಲಸಿಕೆ ಒಯ್ಯಬೇಕಿತ್ತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎಂದರೆ ಸುಳ್ಳಾದೀತು. ದಿಬ್ಬ ಬಂದಲ್ಲೆಲ್ಲ ನಾವೇ ಇಳಿದು ದೂಡುತ್ತಿದ್ದೆವು. ಮಾನ್ವಿ ಮುಟ್ಟುವಾಗ ಬರ್ಫೆಲ್ಲ ಬೆಚ್ಚಗಿನ ನೀರಾಗಿತ್ತು. ಹಾಳಾದದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ನಾನು ಡಬ್ಬಿಗೆ ಬಾವಿಯ ತಣ್ಣೀರು ತುಂಬಿ ಏನೂ ಆಗದವನಂತೆ ಮುಂದಿಟ್ಟೆ. ಸಾಹೇಬರು ಬೆರಳು ಅದ್ದಿ ನೋಡಿದರು. ಲಸಿಕೆಯನ್ನೆಲ್ಲ ನೆಲಕ್ಕೆ ಚೆಲ್ಲಿ ಮೆಲ್ಲಗೆ ಹೇಳಿದರು: “ಬರ್ಫ್ ಕರಗಿದ್ದು ತಪ್ಪಲ್ಲ ತಾಯಪ್ಪ. ಮುಚ್ಚಿಟ್ಟದ್ದು ತಪ್ಪು.” ಆ ಮಾತನ್ನು ನಾನು ಬಹಳ ಚೆನ್ನಾಗಿ ನೆನಪಿಟ್ಟುಕೊಂಡೆ, ಬೇಕಾದ ದಿನ ಒಂದನ್ನು ಬಿಟ್ಟು.

ಅವರ ಇನ್ನೊಂದು ಕಾನೂನು ಕುರಿಗಾರರ ಬಿಡಾರಕ್ಕೆ ಸಂಬಂಧಪಟ್ಟದ್ದು. ರೋಗದ ಹಟ್ಟಿಯಿಂದ ಹೊರಡುವಾಗ ಕಾಲನ್ನು ಫಿನೈಲ್ ನೀರಿನಲ್ಲಿ ತೊಳೆಯಬೇಕು, ಬಟ್ಟೆ ಕುದಿಸಬೇಕು, ಅಲ್ಲಿಯ ಒಂದು ಹಗ್ಗದ ಚೂರೂ ಜೊತೆಗೆ ಬರಬಾರದು. “ರೋಗಕ್ಕ ಕಾಲಿಲ್ಲ ತಾಯಪ್ಪ. ನಮ್ಮ ಕಾಲೇ ಅದರ ಕಾಲು” ಎನ್ನುತ್ತಿದ್ದರು.

ಕುರಿಗಾರರು ಊರಿಗೆ ಬರುವವರಲ್ಲ, ನಾವೇ ಅವರಿದ್ದಲ್ಲಿಗೆ ಹೋಗಬೇಕು. ಇವತ್ತು ಗೂಗಲ್ ಎಂಬ ಊರಿನ ಹೊಳೆದಂಡೆ, ನಾಡಿದ್ದು ದೇವದುರ್ಗದ ಕಲ್ಲುಗುಡ್ಡ, ತಿಂಗಳು ಕಳೆದರೆ ಮಾನ್ವಿಯ ಎರೆಹೊಲ. ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ ಹೊಲದವನು ಕೊಟ್ಟ ಕಾಳೇ ಊಟ. ಅವರನ್ನು ಹುಡುಕಲು ನಕಾಶೆ ಇರಲಿಲ್ಲ. ನೆಲದ ಮೇಲಿನ ಹಿಕ್ಕೆ ಹಸಿಯೋ ಒಣಗಿದ್ದೋ ನೋಡಿಕೊಂಡು ನಡೆಯುವುದು. ಚಳಿಗಾಲದ ಬೆಳಿಗ್ಗೆ ಕೃಷ್ಣೆಯ ಮೇಲೆ ಮಂಜು ಕೂತಿರುತ್ತಿತ್ತು. ಹಿಂಡು ಎಲ್ಲಿದೆ, ಹೊಳೆ ಎಲ್ಲಿದೆ ತಿಳಿಯದೆ ನಿಂತಿದ್ದಾಗ ಮಂಜೇ ಒಮ್ಮೆ ಕೆಮ್ಮುತ್ತಿತ್ತು. ನೋಡಿದರೆ ಮಾರು ದೂರದಲ್ಲೇ ಕುರಿಗಳು ನಿಂತು ನನ್ನನ್ನೇ ನೋಡುತ್ತಿರುತ್ತಿದ್ದವು. ಆಗ ನನಗೆ ಇಪ್ಪತ್ತರ ಹರೆಯ. ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ ಎಂಬುದು ಎಷ್ಟೋ ಸಲ ಮರೆತೇ ಹೋಗುತ್ತಿತ್ತು.

ಅವರನ್ನು ಕುರಿ ಎಷ್ಟು ಎಂದು ಕೇಳುವಂತಿರಲಿಲ್ಲ. ಎಣಿಸಿದರೆ ಇಳಿಯುತ್ತವೆ ಎಂಬ ನಂಬಿಕೆ. ಸರ್ಕಾರದ ಉರ್ದು ಫಾರಮ್ಮಿನಲ್ಲಿ ಸಂಖ್ಯೆ ಬರೆಯುವ ಮನೆಯೊಂದಿತ್ತು. ಸಾಹೇಬರು ಅದರಲ್ಲಿ ‘ಬಹಳ’ ಎಂದು ಬರೆದು ರುಜು ಹಾಕುತ್ತಿದ್ದರು. ಕುರಿ ನೋಡಲು ಹೋದವನ ಮುಂದೆ ಜ್ವರದ ಮಕ್ಕಳು, ಕುರದ ಮುದುಕರು ಬಂದು ಕೂರುತ್ತಿದ್ದರು. “ನಾನು ಕುರಿ ಡಾಕ್ಟರ್ ಕಡೆಯವನವ್ವ” ಎಂದರೆ, “ಕುರಿಗಿ ನಾಟೂ ಔಷಧ ನಮಗ ನಾಟಂಗಿಲ್ಲೇನು?” ಎಂದು ಒಬ್ಬ ಮುದುಕಿ ಕೇಳಿದ್ದಳು. ಯುದ್ಧದಿಂದಾಗಿ ಕ್ವಿನೈನ್ ಸಿಗುವುದೇ ಕಷ್ಟವಾಗಿತ್ತು. ಸಾಹೇಬರು ಎಲ್ಲಿಂದಲೋ ಒಂದು ಸಣ್ಣ ಸೀಸೆ ತಂದು ನನ್ನ ಚೀಲಕ್ಕೆ ಹಾಕಿದ್ದರು. ಅದು ಯಾವ ಕುರಿಗೆ ಖರ್ಚಾಯಿತೆಂದು ಅವರು ಒಮ್ಮೆಯೂ ಕೇಳಲಿಲ್ಲ.

ಈಗ ಆ ಕಥೆಗೆ ಬರುತ್ತೇನೆ.

ಗೂಗಲ್ ಹತ್ತಿರ ಮುದ್ದಪ್ಪ ಎಂಬ ಹಿರಿಯ ಕುರುಬನ ಹಿಂಡಿಗೆ ಸಿಡುಬು ಬಂದಿತ್ತು. ಅವರ ಮಾತಿನಲ್ಲಿ ಅವ್ವ ಬಂದಿದ್ದಳು. ಸಿಡುಬಿಗೆ ಆಗ ನಮ್ಮ ಕೈಯಲ್ಲಿ ಯಾವ ಸೂಜಿಯೂ ಇರಲಿಲ್ಲ. ಬೇನೆ ಬಿದ್ದವನ್ನು ಬೇರೆ ಮಾಡುವುದು, ಹುಣ್ಣು ತೊಳೆಯುವುದು, ಸತ್ತದ್ದನ್ನು ಸುಣ್ಣ ಹಾಕಿ ಹೂಳುವುದು, ಇಷ್ಟೇ. ಸಾಹೇಬರು ದನಗಳ ದೊಡ್ಡ ರೋಗದ ಹಿಂದೆ ಬೇರೆ ತಾಲ್ಲೂಕಿನಲ್ಲಿದ್ದರು. ನನ್ನೊಬ್ಬನನ್ನೇ ಕಳಿಸಿದರು.

ಹದಿನೈದು ದಿನ ನಾನು ಆ ಹಟ್ಟಿಯ ಬದಿಯಲ್ಲಿ ಮಲಗಿ ಎದ್ದೆ. ಮುದ್ದಪ್ಪನಿಗೂ ಚಳಿಜ್ವರ ಬಂತು, ಕ್ವಿನೈನ್ ಕೊಟ್ಟೆ, ಬಿಟ್ಟಿತು. ಹಿಂಡಿನಲ್ಲಿ ಹೊಸ ಗುಳ್ಳೆ ಏಳುವುದು ನಿಂತಿತು. ಹೊರಡುವ ದಿನ ಬೆಳಿಗ್ಗೆ ಮುದ್ದಪ್ಪ ಒಂದು ಕರಿ ಕಂಬಳಿ ತಂದು ನೆಲಕ್ಕೆ ಹಾಸಿದ. “ಕೂಡ್ರು” ಎಂದ.

ಹಾಲುಮತದ ಕುರುಬರಲ್ಲಿ ಕಂಬಳಿ ಹಾಸುವುದೆಂದರೆ ಗದ್ದುಗೆ ಹಾಕಿದ ಹಾಗೆ. ದೇವರನ್ನು ಕೂರಿಸುವುದು ಅದರ ಮೇಲೆ. ನಾನು ನಿಂತೇ ಇದ್ದೆ.

“ಯಜಮಾನ್ರ, ನಾ ಯಾರ ಮಗ ಅಂಬೋದು ನಿಮಗ ಗೊತ್ತದಿಲ್ಲ?”

“ಗೊತ್ತದ. ಕಂಬಳಿಗಿ ಮೈಲಿಗಿ ಇಲ್ಲೋ ತಾಯಪ್ಪಾ. ಹೆಣದ ಮ್ಯಾಲ ಹಾಕಿದ್ದನ್ನ ಬಾಣಂತಿಗೆ ಹೊದಿಸ್ತೀವಿ. ಅದಕ್ಕ ಯಾವುದೂ ಅಂಟಂಗಿಲ್ಲ. ಕೂಡ್ರು.”

ನಾನು ಕೂತೆ. ಯಾರಾದರೂ ಏಳು ಎಂದಾರೆಂದು ಸ್ವಲ್ಪ ಹೊತ್ತು ಕಾದೆ. ಯಾರೂ ಅನ್ನಲಿಲ್ಲ. ಆಮೇಲೆ ಮುದ್ದಪ್ಪ ಅದೇ ಕಂಬಳಿಯನ್ನು ಕೊಡವಿ ನನ್ನ ಹೆಗಲ ಮೇಲೆ ಹಾಕಿದ. ಹುಟ್ಟಿದಾಗಿನಿಂದ ನನ್ನ ಹೆಗಲ ಮೇಲೆ ಬಿದ್ದದ್ದು ಸತ್ತ ದನದ ಚರ್ಮ, ಇಲ್ಲವೇ ಬೈಗುಳ. ಮರ್ಯಾದೆ ಎಂಬುದಕ್ಕೆ ಇಷ್ಟು ಭಾರ, ಇಷ್ಟು ಬಿಸುಪು ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆ ಕಂಬಳಿಯನ್ನು ನಾನು ಅದಕ್ಕೂ ಮೊದಲು ನೋಡಿದ್ದೆ. ಬೇನೆ ಬಿದ್ದ ಮರಿಗಳನ್ನು ಮಲಗಿಸುತ್ತಿದ್ದದ್ದು ಅದರ ಮೇಲೆಯೇ. ಕಂಬಳಿಯ ಉಣ್ಣೆಯಲ್ಲಿ ಹುಣ್ಣಿನ ಒಣಗಿದ ಹಕ್ಕಳೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ರೋಗ ಹಿಡಿದಿಟ್ಟಿರುತ್ತದೆ ಎಂದು ಸಾಹೇಬರು ಕಲಿಸಿದ್ದರು. ಹೊರಡುವ ಮೊದಲು ಕಾಲು ತೊಳೆದೆ. ಅಂಗಿ, ಧೋತರ ಕುದಿಸಿದೆ. ಚೀಲ ಒರೆಸಿದೆ. ಕಂಬಳಿ ಹೆಗಲ ಮೇಲೇ ಇತ್ತು. ಅದಕ್ಕೆ ಮೈಲಿಗೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ನನಗೆ ಅಷ್ಟು ಬೇಕಾಗಿತ್ತು.

ಅಲ್ಲಿಂದ ಬಾಗಲವಾಡಕ್ಕೆ ಹೋಗಬೇಕಿತ್ತು. ಬಾಳವ್ವ ಎಂಬ ವಿಧವೆ ತನ್ನದೇ ಒಂದು ಸಣ್ಣ ಹಿಂಡು ಹಿಡಿದುಕೊಂಡು ಅಲ್ಲಿ ಬಿಡಾರ ಹಾಕಿದ್ದಳು. ಗಂಡ ಸತ್ತ ಮೇಲೆ ಅವನ ಕೋಲು ಇವಳೇ ಹಿಡಿದಿದ್ದಳು. ಹೊಳೆದಂಡೆಯಲ್ಲಿ ಸಿಡುಬಿನ ಸುದ್ದಿ ಕೇಳಿದ ದಿನವೇ ಮೇವು ಬಿಟ್ಟು, ಬೇರೆ ಹಿಂಡುಗಳ ದಾರಿ ತಪ್ಪಿಸಿ ದಿನಗಟ್ಟಲೆ ನಡೆದು ಬಂದವಳು. ಅವಳ ಕುರಿ ನೆಟ್ಟಗಿವೆಯೋ ನೋಡಿ ಬಾ ಎಂದು ಸಾಹೇಬರ ಅಪ್ಪಣೆ.

ದಾರಿಯ ಆ ಮೂರು ದಿನ ನನ್ನ ಬದುಕಿನಲ್ಲೇ ಚಂದದ ದಿನಗಳು, ಹೇಳಲು ನಾಚಿಕೆಯಾದರೂ ನಿಜ. ಬಿಳಿ ಬಿಸಿಲು, ಕಟಾವಾದ ಸಜ್ಜೆಯ ಹೊಲ, ಹಾಲುಗಾಳು ಹಿಡಿದ ಜೋಳದ ವಾಸನೆ. ನೆರಳಿನಲ್ಲಿ ನನ್ನ ಹೆಗಲು ದೊಡ್ಡದಾಗಿ ಕಾಣುತ್ತಿತ್ತು. ನೆರಳನ್ನೇ ನೋಡಿಕೊಂಡು ನಡೆದೆ. ದೇವದುರ್ಗದ ಬಾವಿಕಟ್ಟೆಯಲ್ಲಿ ಒಬ್ಬ ಮುದುಕ ನನ್ನನ್ನು ಕುರುಬರವನೆಂದು ತಿಳಿದು ಕೇಳದೆಯೇ ನೀರು ಹಾಕಿದ. ನಾನು ತಿದ್ದಲಿಲ್ಲ.

ಬಾಳವ್ವ ನನ್ನನ್ನು ದೂರದಲ್ಲೇ ನಿಲ್ಲಿಸಿದಳು.

“ಎಲ್ಲಿಂದ ಬಂದೆಪ್ಪಾ?”

“ಗೂಗಲ್ ಕಡಿಂದವ್ವ. ದನದ ದವಾಖಾನಿಯಂವ.”

“ಅವ್ವ ಬಂದ ಹಟ್ಟಿಯಿಂದ ಬಂದಿ. ಅಲ್ಲೇ ಕಾಲ ತೊಳಿ.”

ಬೇವಿನ ಎಲೆ ಕುದಿಸಿದ ನೀರು ಕೊಟ್ಟಳು. ಚೀಲ ಹೊರಗೆ ಇಡಿಸಿದಳು. ಚಪ್ಪಲಿ ಬಿಡಿಸಿದಳು. ನಮ್ಮ ಸಾಹೇಬರಿಗಿಂತ ಕಟ್ಟುನಿಟ್ಟು. ಆಮೇಲೆ ನಗುತ್ತ ಬಂದು ನನ್ನ ಹೆಗಲಿನ ಕಂಬಳಿ ತೆಗೆದು ತಾನೇ ನೆಲಕ್ಕೆ ಹಾಸಿ, “ಕೂಡ್ರು ತಮ್ಮಾ, ದಣದ ಬಂದಿ” ಎಂದಳು. ಎಲ್ಲವನ್ನೂ ಶಂಕಿಸಿದವಳು ಅದೊಂದನ್ನು ಶಂಕಿಸಲಿಲ್ಲ. ಕಂಬಳಿಗೆ ಯಾವುದೂ ಅಂಟುವುದಿಲ್ಲ ಎಂಬುದು ಅವಳಿಗೆ ಹೊತ್ತು ಮೂಡುತ್ತದೆ ಎಂಬಷ್ಟೇ ನಿಜವಾಗಿತ್ತು.

ಮರುದಿನ ಬೆಳಕು ಹರಿಯುವಾಗ ಒಂದು ಕುರಿ ಈದಿತು. ಗಾಳಿ ಕೊರೆಯುತ್ತಿತ್ತು, ಮರಿ ನಡುಗುತ್ತಿತ್ತು. ಬಾಳವ್ವ ಕೈಗೆ ಸಿಕ್ಕ ಕಂಬಳಿ ಎಳೆದು ಅದರ ಮೇಲೆ ಹೊದಿಸಿದಳು. ಅದು ನನ್ನದು. ನಾನು ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದೆ. ಬೇಡವ್ವ ಎನ್ನಲು ಬಾಯಿ ತೆರೆದೆ. ಅಂದರೆ ಯಾಕೆಂದು ಕೇಳುತ್ತಾಳೆ. ಹೇಳಿದರೆ ಕಂಬಳಿ ಬಿಸಾಡಿಸುತ್ತಾಳೆ. ಬಾಯಿ ಮುಚ್ಚಿದೆ. ಬಿಸಿಲೇರಿದ ಮೇಲೆ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡು ರಾಯಚೂರಿಗೆ ಹೊರಟೆ.

ಹದಿನೈದು ದಿನವೂ ಆಗಿರಲಿಲ್ಲ, ಬಾಗಲವಾಡದಿಂದ ಸುದ್ದಿ ಬಂತು. ಬಾಳವ್ವನ ಹಿಂಡಿನಲ್ಲಿ ಅವ್ವ ಬಂದಾಳೆ.

ಸಾಹೇಬರು ಕುರ್ಚಿಯಲ್ಲಿ ಮುಂದೆ ಬಾಗಿ ಕೇಳಿದರು: “ಹೊಸ ಕುರಿ ಸೇರಿಲ್ಲ. ಬೇರೆ ಹಿಂಡು ಹಾದಿಲ್ಲ. ಹೆಂಗ ಬಂತು ತಾಯಪ್ಪ?”

“ಗೊತ್ತಿಲ್ರಿ ಸಾಹೇಬ್” ಎಂದೆ. ಬರ್ಫಿನ ಡಬ್ಬಿಗೆ ಬಾವಿನೀರು ತುಂಬಿದವನೇ ಇನ್ನೊಮ್ಮೆ ಮಾತಾಡಿದ್ದ.

ಬಿಟ್ಟಿರಲಾರದೆ ಕಂಬಳಿಯನ್ನು ಗುಟ್ಟಾಗಿ ಮಡಿಚಿ ಚೀಲದೊಳಗಿಟ್ಟುಕೊಂಡೇ ಬಾಗಲವಾಡಕ್ಕೆ ಹೋದೆ. ಮರಿಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದವು. ಮೊದಲು ಸತ್ತದ್ದು ಆ ಬೆಳಿಗ್ಗೆ ಹುಟ್ಟಿದ ಮರಿ. ಬಾಳವ್ವ ಮೊಣಕಾಲು ಹಿಡಿದು ಕೂತಿದ್ದಳು. ಅವಳ ಮೈದುನ ಹನುಮಪ್ಪ ಇಬ್ಬರು ಹಿರಿಯರನ್ನು ಕರೆತಂದು ಎದುರಿಗೆ ಕೂರಿಸಿದ್ದ.

“ಅತ್ತಿಗೀ, ಹೆಣ್ಣು ಕೋಲು ಹಿಡಿದದ್ದು ಅವ್ವಗ ಸೇರಿಲ್ಲ. ಇದು ಅದರ ಫಲ. ಕೋಲು ಕೊಡು, ಉಳಿದ ಕುರಿ ನಮ್ಮ ಹಿಂಡಿಗೆ ಕೂಡಿಸು. ನಮ್ಮ ಮನಿಯಾಗ ಕೂತು ರೊಟ್ಟಿ ತಟ್ಟು.”

ಹಿರಿಯರು ಹೌದೆಂದು ಗೋಣು ಹಾಕಿದರು. “ಹೌದೇನೋಪ್ಪಾ, ನನ್ನಿಂದನ ಏನೋ ತಪ್ಪಾಗ್ಯದ” ಎಂದು ಬಾಳವ್ವ ಕೊಟ್ಟುಬಿಡಲು ಕೋಲಿಗೆ ಕೈ ಹಾಕಿದಳು. ಅಷ್ಟು ಜತನ ಮಾಡಿದವಳು ತನ್ನನ್ನೇ ತಪ್ಪುಗಾರಳೆಂದು ನಂಬಿದ್ದಳು.

ಮಾತಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೇಲಿಯೇ ಹೊಲ ಮೇಯ್ದಿತು ಎನ್ನುತ್ತಾರೆ, ಅದು ಸಣ್ಣದು. ನನ್ನ ಜಾತಿ ತೆಗೆಯುತ್ತಾರೆ. ರೋಗ ಕಂಬಳಿಯಿಂದ ಬಂತು ಎಂದು ನಾನು ಹೇಳಿದರೆ, ಅದನ್ನು ಹೊತ್ತ ಹೆಗಲಿನಿಂದ ಬಂತು ಎಂದು ಅವರು ಕೇಳಿಸಿಕೊಳ್ಳುತ್ತಾರೆ. ಚೀಲದಿಂದ ಕಂಬಳಿ ತೆಗೆದು ಅವರ ನಡುವೆ ಇಟ್ಟೆ.

“ಯವ್ವಾ, ತಪ್ಪು ನಿಂದಲ್ಲ. ಗೂಗಲದಾಗ ಬ್ಯಾನಿ ಮರಿ ಮಲಗಿಸಿದ ಕಂಬಳಿ ಇದು. ಇದರಾಗ ರೋಗ ಅದ. ತಿಳಿದೂ ನಾ ತಂದೀನಿ.”

ಹನುಮಪ್ಪ ಎದ್ದು ನಿಂತ. “ಕಂಬಳಿಗಿ ಏನೂ ಅಂಟಂಗಿಲ್ಲ. ಅಂಟಿದ್ರ ನಿನ್ನ ಮೈ ಅಂಟೇದ. ಯಾರನ್ನ ಗದ್ದಿಗಿ ಮ್ಯಾಲ ಕೂಡ್ರಿಸಿದ್ರೋ ಏನೋ.”

ನಾನು ತಲೆ ತಗ್ಗಿಸಿದೆ. ಬಾಳವ್ವ ತಗ್ಗಿಸಲಿಲ್ಲ.

“ಹನುಮಪ್ಪಾ, ಗೂಗಲದಾಗ ಅವ್ವ ಬಂದ ಮ್ಯಾಲ ಇಂವ ಅಲ್ಲಿಗಿ ಹೋದ. ಅದಕ್ಕ ಮದಲು ಅಲ್ಲಿ ಯಾರ ಮೈ ಅಂಟಿತ್ತು?” ಎಂದಳು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. “ಮರಿಗಿ ಹೊದಿಸಿದಾಗ ನೀ ನೋಡಿದ್ದಿ.”

“ನೋಡಿದ್ನಿ.”

“ಯಾಕ ಸುಮ್ಮನಿದ್ದಿ?”

ಅಷ್ಟು ಜನರ ಮುಂದೆ ನಿಜ ಹೇಳಿದೆ. “ನನ್ನ ಹೆಗಲ ಮ್ಯಾಲ ಯಾರೂ ಕಂಬಳಿ ಹಾಕಿದ್ದಿಲ್ಲವ್ವ. ಹೇಳಿದ್ರ ಅದು ಹೋಗ್ತಿತ್ತು.”

ಬೇನೆಯ ಕುರಿಯೊಂದು ದೂರದಲ್ಲಿ ಕೆಮ್ಮಿತು. ಹಿರಿಯರಲ್ಲಿ ಒಬ್ಬ ಮೆಲ್ಲಗೆ, “ಈಗ ಏನು ಮಾಡಬೇಕಪ್ಪಾ?” ಎಂದು ನನ್ನನ್ನೇ ಕೇಳಿದ.

“ಈ ಕುರಿ ಯಾವ ಹಿಂಡಿಗೂ ಕೂಡಬಾರದು, ಹನುಮಪ್ಪನ ಹಿಂಡೂ ಹೋಗ್ತದ. ಇವನ್ನ ಬ್ಯಾರೇನ ಇಟ್ಟು ಬಾಳವ್ವನ ನೋಡಬೇಕು. ಈ ಕಂಬಳಿ ಸುಡಬೇಕು.”

“ಕಂಬಳಿ ಸುಟ್ಟವರು ನಮ್ಮ ಕುಲದಾಗ ಯಾರೂ ಇಲ್ಲ” ಎಂದ ಆ ಹಿರಿಯ.

ಬಾಳವ್ವ ಎದ್ದಳು. ಕೋಲಿನ ತುದಿಯಿಂದ ಕಂಬಳಿ ಎತ್ತಿ, ಮರಿಗಳನ್ನು ಹೂತ ಗುಂಡಿಯ ಬದಿಗೆ ಒಯ್ದು, ಒಲೆಯ ಕೆಂಡ ತಂದು ಸುರಿದಳು. ಉಣ್ಣೆ ಬೇಗ ಉರಿಯುವುದಿಲ್ಲ. ಸುರುಟುತ್ತ, ಕಮಟು ಹೊಗೆ ಬಿಡುತ್ತ ತನ್ನ ಪಾಡಿಗೆ ತಾನು ಕರಗಿತು. ನಾನು ಅಳುತ್ತಿದ್ದೆ. ಮರಿಗಳಿಗಾಗಿ ಅತ್ತೆನೋ ಕಂಬಳಿಗಾಗಿ ಅತ್ತೆನೋ, ಇವತ್ತಿಗೂ ಬೇರೆ ಮಾಡಿ ಹೇಳಲಾರೆ.

ಕೋಲು ಅವಳ ಕೈಯಲ್ಲೇ ಉಳಿಯಿತು. ರೋಗದ ಹಿಂಡನ್ನು ಕೂಡಿಸಿಕೊಳ್ಳಲು ಹನುಮಪ್ಪನಿಗೂ ಧೈರ್ಯವಿರಲಿಲ್ಲ. ತಿಂಗಳ ಮೇಲೆ ಹೊಸ ಗುಳ್ಳೆ ನಿಂತವು. ಅಷ್ಟೂ ದಿನ ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ಬುತ್ತಿ ಇಡುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ.

ರಾಯಚೂರಿಗೆ ಬಂದು ಸಾಹೇಬರಿಗೆ ಎಲ್ಲ ಹೇಳಿ, ನೌಕರಿ ಹೋಯಿತೆಂದು ಬಾಗಿಲಲ್ಲೇ ನಿಂತೆ. ಅವರು ರಪೋಟಿನಲ್ಲಿ ಒಂದು ಸಾಲು ಬರೆದು ಓದಿ ಹೇಳಿದರು: ರೋಗ ಹರಡಲು ಕಾರಣ, ನಮ್ಮ ಇಲಾಖೆಯ ನೌಕರನ ಬಟ್ಟೆ. ಕೆಳಗೆ ನನ್ನ ರುಜು ಹಾಕಿಸಿದರು. “ಇನ್ನ ನಿನಗ ಆ ಕಾನೂನು ನಾ ಹೇಳಂಗಿಲ್ಲ” ಎಂದು ಕಾಗದ ಮಡಿಚಿದರು. ಅವರು ಮತ್ತೆ ಹೇಳಲಿಲ್ಲ. ಆದರೆ ಆ ವರ್ಷದಿಂದ ನಾವು ಯಾವ ಹಟ್ಟಿಗೆ ಹೋದರೂ ಕುರಿ ನೋಡುವ ಮೊದಲು ಕಂಬಳಿಗಳನ್ನು ನೋಡುತ್ತಿದ್ದೆವು. ದೊಡ್ಡ ಹರವಿಯಲ್ಲಿ ನೀರು ಕುದಿಸಿ ಅದ್ದಿಸುವುದನ್ನು ಜನಕ್ಕೆ ಒಪ್ಪಿಸಲು ವರ್ಷಗಳೇ ಹಿಡಿದವು. ಮೊದಲು ಒಪ್ಪಿದವಳು ಬಾಳವ್ವ.

ಬಾಗಲವಾಡದಿಂದ ನಾನು ಹೊರಟ ಬೆಳಿಗ್ಗೆಯ ಮಾತೊಂದು ಉಳಿದಿದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬರಿ ಅಂಗಿಯಲ್ಲಿ ಹೆಗಲು ಮುದುಡಿಕೊಂಡು, ಹೋಗಿ ಬರ್ತೀನವ್ವ ಎಂದೆ. ಅವಳು ಕುರಿ ಬಿಡುತ್ತಿದ್ದವಳು ತಿರುಗಿ ಮೊದಲ ಸಲ ನನ್ನ ಮುಖ ನೋಡಿದಳು.

“ಇನ್ನೊಮ್ಮಿ ಬರೂವಾಗ ಬರಿ ಹೆಗಲಲೇ ಬಾ ತಮ್ಮಾ. ಗದ್ದಿಗಿ ನಾ ಹಾಸ್ತೀನಿ.”

ಅವಳು ಇರುವವರೆಗೆ ಪ್ರತಿ ವರ್ಷ ಹಾಸಿದಳು, ತನ್ನದೇ ಕಂಬಳಿ, ಕುದಿಸಿ ಒಣಗಿಸಿದ್ದು. ನಾನು ಕೂತೆದ್ದು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ಎಂಥ ಚಳಿಯಲ್ಲೂ ಮತ್ತೆ ಕಂಬಳಿ ಹೊತ್ತು ದಾರಿ ನಡೆಯಲಿಲ್ಲ.

ಈಗ ಮನೆಯಲ್ಲಿ ಮೊಮ್ಮಕ್ಕಳು ನಗುತ್ತಾರೆ. ಮಧ್ಯಾಹ್ನದ ಜೋಂಪಿನಲ್ಲಿ ಕುರಿ ಹಾದು ಹೋದ ಮೇಲೆ ನಾನು ಬೆಚ್ಚಿ ಎದ್ದು, ಮೊದಲು ಎರಡೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನಂತೆ.